ಲಿನಕ್ಸ್ ಹಾಕುವುದು, ಏರಿಸುವುದು: ಡಿವಿಡಿಯಿಂದಲೋ ಇಂಟರ್ನೆಟ್ಟಿನಿಂದಲೋ?

ಪ್ರಶ್ನೆ: ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಡೆಬಿಯನ್ ಎಂಬ ಲಿನಕ್ಸ್‌ನ 12ನೇ ಆವೃತ್ತಿ ಇದೆ, ಅದನ್ನು 13ಕ್ಕೆ ಏರಿಸಬೇಕು. ಇನ್ನೊಂದು ಖಾಲಿ ಯಂತ್ರಕ್ಕೆ ಮೊದಲಿನಿಂದ ಡೆಬಿಯನ್ ಹಾಕಬೇಕು. ಇಂಟರ್ನೆಟ್ ಇದೆ, ಆದರೆ ನಡುನಡುವೆ ಕಡಿದುಹೋಗುತ್ತದೆ. ಡಿವಿಡಿ ಇಮೇಜ್ (ಇಡೀ ಡಿಸ್ಕಿನ ನಕಲಾಗಿರುವ ಒಂದೇ ಕಡತ) ಒಮ್ಮೆ ಇಳಿಸಿಕೊಂಡು ಎರಡೂ ಕೆಲಸವನ್ನು ಅದರಿಂದಲೇ ಮಾಡಿದರೆ ಸುರಕ್ಷಿತವಲ್ಲವೇ? ಅಪ್‌ಗ್ರೇಡ್ ನಡೆಯುವಾಗ ಸಂಪರ್ಕ ಹೋದರೆ ಕಂಪ್ಯೂಟರ್ ಕೆಟ್ಟು ಕೂರುತ್ತದೆಯೇ?

ಉತ್ತರ: ಹೊಸ ಯಂತ್ರಕ್ಕೆ ಡಿವಿಡಿ ಇಮೇಜ್ ಒಳ್ಳೆಯ ಆಯ್ಕೆ, ಪೆನ್‌ಡ್ರೈವ್‌ಗೆ ಬರೆದುಕೊಂಡು ಬಳಸಿ. ಇರುವ ವ್ಯವಸ್ಥೆಯನ್ನು 12ರಿಂದ 13ಕ್ಕೆ ಏರಿಸಲು ಮಾತ್ರ ಡಿವಿಡಿ ಬೇಡ. ಆ ಕೆಲಸವನ್ನು ಇಂಟರ್ನೆಟ್ಟಿನಿಂದಲೇ ಮಾಡಿ. ಆದರೆ ಪ್ಯಾಕೇಜುಗಳನ್ನು, ಅಂದರೆ ತಂತ್ರಾಂಶದ ಕಟ್ಟುಗಳನ್ನು, ಇಳಿಸಿಕೊಳ್ಳುವುದನ್ನೂ ಅಳವಡಿಸುವುದನ್ನೂ ಒಟ್ಟಿಗೆ ಮಾಡಬೇಡಿ. ಮೊದಲು ಎಲ್ಲವನ್ನೂ ಇಳಿಸಿಟ್ಟುಕೊಂಡು, ಆಮೇಲೆ ಅಳವಡಿಸಿದರೆ ನಡುವೆ ಸಂಪರ್ಕ ಕಡಿದರೂ ಏನೂ ಆಗುವುದಿಲ್ಲ.

ಈ ಉತ್ತರದಲ್ಲಿ ಆದೇಶಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ, ರೂಟ್ ಅಧಿಕಾರದಿಂದ (ಯಂತ್ರದ ಪೂರ್ಣ ಹಕ್ಕಿನಿಂದ) ಟೈಪ್ ಮಾಡಬೇಕು.

ಎಲ್ಲಕ್ಕಿಂತ ಮೊದಲು ಒಂದು ಪರೀಕ್ಷೆ. ಲ್ಯಾಪ್‌ಟಾಪ್ ಹಳೆಯದು ಎಂದಿದ್ದೀರಿ. ಅದರಲ್ಲಿರುವುದು 32 ಬಿಟ್ ಡೆಬಿಯನ್ ಆಗಿದ್ದರೆ ಅಪ್‌ಗ್ರೇಡ್‌ನ ಮಾತೇ ಇಲ್ಲ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13, ಅಂದರೆ ಟ್ರಿಕ್ಸಿ, 32 ಬಿಟ್ ಪಿಸಿಗಳಿಗೆ ಕರ್ನಲನ್ನೂ (ವ್ಯವಸ್ಥೆಯ ತಿರುಳು) ಇನ್‌ಸ್ಟಾಲರನ್ನೂ ಕೊಡುವುದಿಲ್ಲ. ಹೀಗೆ ಕೇಳಿ ನೋಡಿ:

ಡಿಪಿಕೆಜಿ --ಪ್ರಿಂಟ್-ಆರ್ಕಿಟೆಕ್ಚರ್

ಉತ್ತರ ಎಎಮ್‌ಡಿ64 ಎಂದು ಬಂದರೆ ಮುಂದುವರಿಯಿರಿ. ಪ್ರೊಸೆಸರ್ ಇಂಟೆಲ್‌ನದಾಗಿದ್ದರೂ ಹೆಸರು ಹಾಗೇ ಬರುತ್ತದೆ, ಗಾಬರಿ ಬೇಡ. ಐ386 ಎಂದು ಬಂದರೆ ನಿಲ್ಲಿಸಿ, ‘ಎಲ್‌ಎಸ್‌ಸಿಪಿಯು’ ಓಡಿಸಿ ನೋಡಿ. ಪ್ರೊಸೆಸರ್ 64 ಬಿಟ್ ಬಲ್ಲುದಾದರೆ ದತ್ತಾಂಶವನ್ನು ತೆಗೆದಿಟ್ಟುಕೊಂಡು ಹೊಸದಾಗಿ 64 ಬಿಟ್ ವ್ಯವಸ್ಥೆ ಹಾಕುವುದೇ ಸುರಕ್ಷಿತ ದಾರಿ. ಪ್ರೊಸೆಸರೇ 32 ಬಿಟ್ಟಿನದಾದರೆ ಅದು 12ರಲ್ಲೇ ಉಳಿಯಬೇಕು.

ಸಂಪರ್ಕ ಹೋದರೆ ಏನಾಗುತ್ತದೆ

ಡೆಬಿಯನ್‌ನಲ್ಲಿ ತಂತ್ರಾಂಶ ತಂದು ಹಾಕುವ ಆಪ್ಟ್, ಒಂದು ಅಪ್‌ಗ್ರೇಡನ್ನು ಎರಡು ಘಟ್ಟಗಳಲ್ಲಿ ಮಾಡುತ್ತದೆ. ಮೊದಲ ಘಟ್ಟದಲ್ಲಿ ಬೇಕಾದ ಡೆಬ್ ಕಡತಗಳನ್ನೆಲ್ಲ (ಪ್ಯಾಕೇಜು ಇರುವ ರೂಪವಿದು) ಮಿರರ್‌ನಿಂದ, ಅಂದರೆ ಡೆಬಿಯನ್ ಪ್ಯಾಕೇಜುಗಳ ಪ್ರತಿ ಇಟ್ಟಿರುವ ಸರ್ವರ್‌ನಿಂದ, ತಂದು ವಾರ್ ಫೋಲ್ಡರ್‌ನ ಒಳಗಿರುವ ಕ್ಯಾಶ್, ಆಪ್ಟ್, ಆರ್ಕೈವ್ಸ್ ಎಂಬ ಜಾಗದಲ್ಲಿ ಪೇರಿಸುತ್ತದೆ. ಈ ಹೊತ್ತಿನಲ್ಲಿ ನಿಮ್ಮ ವ್ಯವಸ್ಥೆಯ ಒಂದು ಕಡತವೂ ಬದಲಾಗಿರುವುದಿಲ್ಲ. ಸಂಪರ್ಕ ಹೋದರೆ ಅರ್ಧ ಬಂದ ಕಡತ ‘ಪಾರ್ಷಿಯಲ್’ ಎಂಬ ಒಳಫೋಲ್ಡರ್‌ನಲ್ಲಿ ಉಳಿಯುತ್ತದೆ. ಅದೇ ಆದೇಶವನ್ನು ಮತ್ತೆ ಕೊಟ್ಟರೆ ಪೂರ್ತಿ ಬಂದವುಗಳನ್ನು ಬಿಟ್ಟು, ಅರ್ಧವಾದದ್ದನ್ನು ನಿಂತಲ್ಲಿಂದ ಮುಂದುವರಿಸುತ್ತದೆ. ಹತ್ತು ಸಲ ಕಡಿದರೂ ಸಮಯ ಹೋಗುತ್ತದೆ ಅಷ್ಟೆ.

ಎರಡನೇ ಘಟ್ಟದಲ್ಲಿ ಆಪ್ಟ್‌ನ ಕೈಕೆಳಗೆ ಕೆಲಸ ಮಾಡುವ ಡಿಪಿಕೆಜಿ ಆ ಕಡತಗಳನ್ನು ಬಿಚ್ಚಿ ಹಳೆಯವುಗಳ ಜಾಗದಲ್ಲಿ ಕೂರಿಸುತ್ತದೆ, ಆಮೇಲೆ ಒಂದೊಂದನ್ನೇ ಹೊಂದಿಸುತ್ತದೆ. ಇಲ್ಲಿ ನೆಟ್‌ವರ್ಕ್ ಬೇಕಾಗುವುದು ಅಪರೂಪ. ಕೆಲವು ಪ್ಯಾಕೇಜುಗಳು ತಮ್ಮ ಅನುಸ್ಥಾಪನೆಯ ಸಮಯದಲ್ಲಿ ಹೊರಗಿನಿಂದ ಫರ್ಮ್‌ವೇರನ್ನೋ ಫಾಂಟನ್ನೋ ಇಳಿಸುತ್ತವೆ, ಅಂಥವು ಕೈಬೆರಳೆಣಿಕೆಯಷ್ಟು. ಈ ಘಟ್ಟದಲ್ಲಿ ನಿಜವಾಗಿ ಅಪಾಯ ತರುವುದು ಕರೆಂಟ್ ಹೋಗುವುದು, ಡಿಸ್ಕ್ ತುಂಬಿಹೋಗುವುದು, ಲ್ಯಾಪ್‌ಟಾಪ್ ತಾನಾಗಿ ನಿದ್ದೆಗೆ ಜಾರುವುದು, ಡೆಸ್ಕ್‌ಟಾಪ್ ಪರಿಸರ ಕುಸಿದು ಅದರೊಳಗಿನ ಟರ್ಮಿನಲನ್ನೂ ಎಳೆದುಕೊಂಡು ಹೋಗುವುದು. ಡಿವಿಡಿಯಿಂದ ಮಾಡಿದರೂ ಈ ನಾಲ್ಕೂ ಅಪಾಯಗಳು ಹಾಗೆಯೇ ಇರುತ್ತವೆ. ನೀವು ಯಾವುದಕ್ಕೆ ಹೆದರಿ ಡಿವಿಡಿಯತ್ತ ಹೋಗುತ್ತಿದ್ದೀರೋ ಅದು ತೊಂದರೆಯೇ ಅಲ್ಲ, ನಿಜವಾದ ತೊಂದರೆಗೆ ಡಿವಿಡಿ ಮದ್ದಲ್ಲ.

ಮಿರರ್ ಸಾದಾ ಎಚ್‌ಟಿಟಿಪಿ ವಿಳಾಸದಲ್ಲಿದೆ, ನಡುವೆ ಯಾರಾದರೂ ಕೈಯಾಡಿಸಿದರೆ ಎಂಬ ಆತಂಕವೂ ಹಲವರಿಗಿದೆ. ಪ್ಯಾಕೇಜುಗಳ ಪಟ್ಟಿಗೆ ಡೆಬಿಯನ್‌ನ ಡಿಜಿಟಲ್ ಸಹಿ ಇರುತ್ತದೆ, ಪಟ್ಟಿಯಲ್ಲಿ ಪ್ರತಿ ಕಡತದ ಹ್ಯಾಶ್ (ಒಳಗಿನದರಿಂದ ಲೆಕ್ಕಹಾಕಿದ ಗುರುತಿನ ಸಂಖ್ಯೆ) ಇರುತ್ತದೆ. ಆಪ್ಟ್ ಎರಡನ್ನೂ ತಾಳೆ ನೋಡದೆ ಏನನ್ನೂ ಅಳವಡಿಸುವುದಿಲ್ಲ. ಸಿಡಿ, ಡಿವಿಡಿ ವಿಷಯದಲ್ಲಿ ಆ ತಾಳೆ ನೋಡುವ ಹೊಣೆ ನಿಮ್ಮದು. ಇಮೇಜ್ ಇಳಿಸಿದ ಮೇಲೆ ಅದರ ಚೆಕ್‌ಸಮ್ ಅನ್ನು (ಅಂಥದ್ದೇ ಸಂಖ್ಯೆ) ನೀವೇ ಪರೀಕ್ಷಿಸಬೇಕು.

ಡಿವಿಡಿಯಿಂದ ಏರಿಸಿದರೆ ಎಲ್ಲಿ ಸಿಕ್ಕಿಬೀಳುತ್ತದೆ

ಡೆಬಿಯನ್‌ನಲ್ಲಿ ಅದಕ್ಕೆ ಅವಕಾಶವೇನೋ ಇದೆ. ‘ಆಪ್ಟ್-ಸಿಡಿರೋಮ್ ಆ್ಯಡ್’ ಎಂದರೆ ಡಿಸ್ಕಿನ ವಿವರ ಮೂಲಗಳ ಪಟ್ಟಿಗೆ ಸೇರುತ್ತದೆ, ಆಮೇಲೆ ಮಾಮೂಲಿ ಆದೇಶಗಳೇ. ಆದರೆ ಮೊದಲ ಡಿವಿಡಿಯಲ್ಲಿ ಇರುವುದು ಸುಮಾರು 4 ಜಿಬಿಯಷ್ಟು ಪ್ಯಾಕೇಜುಗಳು, ಅಂದರೆ ಹೆಚ್ಚು ಬಳಕೆಯಲ್ಲಿರುವ ಒಂದು ಭಾಗ. ನೀವು ವರ್ಷಗಳಿಂದ ಒಂದೊಂದಾಗಿ ಹಾಕಿಕೊಂಡ ಸಣ್ಣಪುಟ್ಟ ತಂತ್ರಾಂಶಗಳೆಲ್ಲ ಅದರಲ್ಲಿ ಸಿಗುತ್ತವೆ ಎಂಬ ಭರವಸೆಯಿಲ್ಲ.

ಸಿಗದಿದ್ದರೆ ಹಳೆಯದೇ ಉಳಿಯುತ್ತದೆ ಎಂದು ಸುಮ್ಮನಿರಲಾಗದು. ಡೆಬಿಯನ್ 12ರಲ್ಲಿ ಪೈಥಾನ್ 3.11 ಇದೆ, 13ರಲ್ಲಿ 3.13. 12ಕ್ಕಾಗಿ ಕಟ್ಟಿದ ಹಲವು ಪೈಥಾನ್ ಮಾಡ್ಯೂಲುಗಳು ‘3.12ಕ್ಕಿಂತ ಕೆಳಗಿನ ಪೈಥಾನ್ ಬೇಕು’ ಎಂಬ ಷರತ್ತನ್ನು ಹೊತ್ತಿರುತ್ತವೆ. ಅಂಥದ್ದೊಂದರ ಹೊಸ ಆವೃತ್ತಿ ಡಿಸ್ಕಿನಲ್ಲಿ ಇಲ್ಲದಿದ್ದರೆ ಆಪ್ಟ್‌ಗೆ ಎರಡೇ ದಾರಿ: ಆ ಮಾಡ್ಯೂಲನ್ನೂ ಅದನ್ನು ನೆಚ್ಚಿದವುಗಳನ್ನೂ ಕಿತ್ತುಹಾಕುವುದು, ಇಲ್ಲವೇ ಪೈಥಾನನ್ನೇ ಹಳೆಯದರಲ್ಲಿ ನಿಲ್ಲಿಸಿ ಅದರೊಂದಿಗೆ ನೂರಾರು ಪ್ಯಾಕೇಜುಗಳನ್ನು ತಡೆಹಿಡಿಯುವುದು. ಪರದೆಯ ಮೇಲೆ ಬರುವ ‘ಕೆಪ್ಟ್ ಬ್ಯಾಕ್’ ಎಂಬ ಉದ್ದ ಪಟ್ಟಿ ಇದೇ. ಅರ್ಧ 12, ಅರ್ಧ 13 ಆಗಿ ನಿಂತ ವ್ಯವಸ್ಥೆಯನ್ನು ಬಿಡಿಸುವುದು ಹೊಸದಾಗಿ ಹಾಕುವುದಕ್ಕಿಂತ ಕಷ್ಟ.

ಇನ್ನೊಂದು ತೊಡಕು ಹೊರಗೆ ಕಾಣುವುದಿಲ್ಲ. ಡಿಸ್ಕ್ ತಯಾರಾದ ದಿನಕ್ಕೆ ಅದರ ಕಾಲ ನಿಂತಿರುತ್ತದೆ, ನಿಮ್ಮ 12 ಮಾತ್ರ ಭದ್ರತಾ ಅಪ್‌ಡೇಟ್ ಪಡೆಯುತ್ತಾ ಬಂದಿರುತ್ತದೆ. ಫೈರ್‌ಫಾಕ್ಸ್ ಇಎಸ್‌ಆರ್, ಕ್ರೋಮಿಯಂನಂಥ ಬ್ರೌಸರ್‌ಗಳಿಗೆ ಡೆಬಿಯನ್ ಹೊಸ ಆವೃತ್ತಿಗಳನ್ನೇ ಹಳೆಯ ಬಿಡುಗಡೆಗೂ ಕೊಡುತ್ತದೆ. ಹೀಗಾಗಿ ಹಳೆಯ ಡಿವಿಡಿಯಲ್ಲಿರುವುದಕ್ಕಿಂತ ನಿಮ್ಮ ಬಳಿ ಈಗಾಗಲೇ ಇರುವ ಬ್ರೌಸರ್ ಹೊಸದಾಗಿರಬಹುದು. ಆಪ್ಟ್ ತಾನಾಗಿ ಹಿಂದಕ್ಕೆ ಇಳಿಸುವುದಿಲ್ಲ, 12ಕ್ಕಾಗಿ ಕಟ್ಟಿದ ಪ್ಯಾಕೇಜು 13ರೊಳಗೆ ಹಾಗೆಯೇ ಉಳಿಯುತ್ತದೆ.

ಡೇಟಾ ಉಳಿತಾಯದ ವಾದವೂ ನಿಲ್ಲುವುದಿಲ್ಲ. ಡಿವಿಡಿ ಇಮೇಜ್ ಸುಮಾರು 4 ಜಿಬಿ, ಸೆಕೆಂಡಿಗೆ 10 ಮೆಗಾಬಿಟ್ ವೇಗದಲ್ಲಿ ಮುಕ್ಕಾಲು ಗಂಟೆಗೂ ಹೆಚ್ಚು. ಒಂದು ಸಾಧಾರಣ ಡೆಸ್ಕ್‌ಟಾಪ್‌ನ ಅಪ್‌ಗ್ರೇಡ್ ಇಳಿಕೆ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ, ಏಕೆಂದರೆ ನಿಮ್ಮಲ್ಲಿ ಇರುವ ಪ್ಯಾಕೇಜುಗಳಷ್ಟೇ ಬರುತ್ತವೆ. ನಿಮ್ಮ ಯಂತ್ರದ ನಿಖರ ಲೆಕ್ಕವನ್ನು ಆಪ್ಟ್ ಕೆಲಸ ಶುರುಮಾಡುವ ಮುನ್ನವೇ ಹೇಳುತ್ತದೆ. ಬೇಡವೆನಿಸಿದರೆ ‘ಎನ್’ ಒತ್ತಿ ಹೊರಬರಬಹುದು.

ಏರಿಸುವ ಕ್ರಮ

ಬ್ಯಾಕಪ್ ಮೊದಲು. ಹೋಮ್ ಫೋಲ್ಡರ್ ಪೂರ್ತಿ, ಇಟಿಸಿ ಫೋಲ್ಡರ್ ಪೂರ್ತಿ, ಮತ್ತು ‘ಡಿಪಿಕೆಜಿ --ಗೆಟ್-ಸೆಲೆಕ್ಷನ್ಸ್’ ಕೊಡುವ ಪ್ಯಾಕೇಜ್ ಪಟ್ಟಿ ಮೂರೂ ಹೊರಗಿನ ಡಿಸ್ಕಿಗೆ ಹೋಗಲಿ. ಅದೇ ಯಂತ್ರದ ಇನ್ನೊಂದು ಪಾರ್ಟಿಷನ್‌ಗೆ ನಕಲು ಮಾಡಿದರೆ ಅದು ಬ್ಯಾಕಪ್ ಅಲ್ಲ.

ನಂತರ 12ನ್ನೇ ಪೂರ್ತಿ ಹೊಸದುಗೊಳಿಸಿ. ಬುಕ್‌ವರ್ಮ್‌ನ, ಅಂದರೆ 12ರ, ಎಲ್ಲ ಅಪ್‌ಡೇಟುಗಳೂ ಬಂದು ಮುಗಿದಿರಬೇಕು. ಇದನ್ನು ಬಿಟ್ಟು ನೇರ 13ಕ್ಕೆ ಹಾರುವವರು ಮುಖ್ಯವಾಗಿ ದೂರದಿಂದ ಎಸ್‌ಎಸ್‌ಎಚ್ (ನೆಟ್‌ವರ್ಕ್‌ನಲ್ಲಿ ಇನ್ನೊಂದು ಯಂತ್ರದ ಟರ್ಮಿನಲ್ ತೆರೆಯುವ ವಿಧಾನ) ಮೂಲಕ ಕೆಲಸ ಮಾಡುವಾಗ ಸಿಕ್ಕಿಬೀಳುತ್ತಾರೆ: ಹಳೆಯ ಓಪನ್‌ಎಸ್‌ಎಸ್‌ಎಚ್ ಇದ್ದರೆ ನಡುವೆ ಹೊಸ ಸಂಪರ್ಕ ತೆಗೆದುಕೊಳ್ಳಲು ಅದು ನಿರಾಕರಿಸಬಹುದು. 12ರ ಕೊನೆಕೊನೆಯ ಅಪ್‌ಡೇಟುಗಳಲ್ಲಿ ಇದಕ್ಕೆ ಪರಿಹಾರ ಬಂದಿದೆ. 11ರಲ್ಲಿ ಇರುವವರು ಮೊದಲು 12ಕ್ಕೆ ಬಂದು ಆಮೇಲೆ 13ಕ್ಕೆ ಹೋಗಬೇಕು, ಡೆಬಿಯನ್‌ನಲ್ಲಿ ಮೆಟ್ಟಿಲು ಹಾರುವಂತಿಲ್ಲ.

‘ಆಪ್ಟ್-ಮಾರ್ಕ್ ಶೋಹೋಲ್ಡ್’ ಎಂದು ಕೇಳಿ, ಹಿಂದೆಂದೋ ತಡೆಹಿಡಿದಿಟ್ಟ ಪ್ಯಾಕೇಜುಗಳಿದ್ದರೆ ಬಿಡಿಸಿ. ಹೊರಗಿನ ಮೂಲಗಳನ್ನು, ಅಂದರೆ ಬ್ರೌಸರ್, ಎಡಿಟರ್, ಗ್ರಾಫಿಕ್ಸ್ ಡ್ರೈವರ್ ಇತ್ಯಾದಿಗಳಿಗಾಗಿ ಸೇರಿಸಿದ ರೆಪಾಸಿಟರಿಗಳನ್ನು, ಸಾಲಿನ ಮೊದಲಿಗೆ ಹ್ಯಾಶ್ ಗುರುತು (#) ಹಾಕಿ ನಿಲ್ಲಿಸಿ. ಬ್ಯಾಕ್‌ಪೋರ್ಟ್ಸ್ (ಹಳೆಯ ಬಿಡುಗಡೆಗೆ ಹೊಂದಿಸಿದ ಹೊಸ ಆವೃತ್ತಿಗಳು) ಸಾಲನ್ನೂ ನಿಲ್ಲಿಸಿ. ಅಪ್‌ಗ್ರೇಡ್ ಕೆಡುವ ಕಾರಣಗಳಲ್ಲಿ ಈ ಹೊರಗಿನ ಮೂಲಗಳದ್ದೇ ದೊಡ್ಡ ಪಾಲು, ಇದರಲ್ಲಿ ಸಂಕೋಚ ಬೇಡ.

ಜಾಗ ನೋಡಿಕೊಳ್ಳಿ. ‘ಡಿಎಫ್ -ಎಚ್’ ಆದೇಶದಲ್ಲಿ ರೂಟ್ ಪಾರ್ಟಿಷನ್‌ನಲ್ಲಿ 5 ಜಿಬಿಗಿಂತ ಕಡಿಮೆ ಖಾಲಿ ಕಂಡರೆ ಮೊದಲು ‘ಆಪ್ಟ್ ಕ್ಲೀನ್’, ‘ಆಪ್ಟ್ ಆಟೊರಿಮೂವ್’ ಮಾಡಿ. ಬೂಟ್ ಪಾರ್ಟಿಷನ್ ಬೇರೆಯಾಗಿದ್ದರೆ ಅದರಲ್ಲಿ ಸುಮಾರು 300 ಎಂಬಿ ಖಾಲಿ ಇರಲಿ. ಡಿಸ್ಕ್ ಎನ್‌ಕ್ರಿಪ್ಟ್ ಮಾಡಿ ಹಾಕಿದ ಹಳೆಯ ವ್ಯವಸ್ಥೆಗಳಲ್ಲಿ ಬೂಟ್ ಪಾರ್ಟಿಷನ್ ಚಿಕ್ಕದಾಗಿರುತ್ತದೆ. ಹೊಸ ಕರ್ನಲ್‌ನ ಇನಿಟ್‌ರ‍್ಯಾಮ್‌ಎಫ್‌ಎಸ್ ಎಂಬ ಬೂಟ್‌ಗೆ ಬೇಕಾದ ಕಡತ ಅಲ್ಲಿ ಹಿಡಿಸದೆ ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’ ಎಂದು ನಿಲ್ಲುವುದು ಮತ್ತೆ ಮತ್ತೆ ಕಾಣುವ ದೋಷ. ಬಳಕೆಯಲ್ಲಿರುವ ಕರ್ನಲ್ ಯಾವುದೆಂದು ‘ಯುನೇಮ್ -ಆರ್’ ಹೇಳುತ್ತದೆ. ಅದನ್ನು ಬಿಟ್ಟು ಉಳಿದ ಹಳೆಯ ಕರ್ನಲ್‌ಗಳನ್ನು ಪ್ಯಾಕೇಜ್ ರೂಪದಲ್ಲೇ ತೆಗೆಯಿರಿ, ಕಡತಗಳನ್ನು ಕೈಯಾರೆ ಅಳಿಸಬೇಡಿ.

ಈಗ ಮೂಲಗಳ ಕಡತ. ಇಟಿಸಿಯೊಳಗಿನ ಆಪ್ಟ್ ಫೋಲ್ಡರ್‌ನಲ್ಲಿ ಸೋರ್ಸಸ್.ಲಿಸ್ಟ್ ತೆರೆದು ‘ಬುಕ್‌ವರ್ಮ್’ ಎಂದಿರುವಲ್ಲೆಲ್ಲ ‘ಟ್ರಿಕ್ಸಿ’ ಎಂದು ಮಾಡಿ. ಟ್ರಿಕ್ಸಿ, ಟ್ರಿಕ್ಸಿ-ಅಪ್‌ಡೇಟ್ಸ್, ಟ್ರಿಕ್ಸಿ-ಸೆಕ್ಯುರಿಟಿ ಮೂರೂ ಇರಬೇಕು. ಘಟಕಗಳಲ್ಲಿ ‘ಮೇನ್’ ಜೊತೆ ‘ನಾನ್-ಫ್ರೀ-ಫರ್ಮ್‌ವೇರ್’ ಇರಲಿ, ಇಲ್ಲದಿದ್ದರೆ ಹೊಸ ಕರ್ನಲ್ ಬಂದ ಮೇಲೆ ವೈಫೈಗೆ ಬೇಕಾದ ಫರ್ಮ್‌ವೇರ್ ಹಳೆಯದರಲ್ಲೇ ಉಳಿಯುತ್ತದೆ. ‘ಸ್ಟೇಬಲ್’ ಎಂಬ ಸಾಮಾನ್ಯ ಹೆಸರನ್ನು ಬರೆಯಬೇಡಿ. ಬರೆದರೆ ಮುಂದೆ 14 ಬಿಡುಗಡೆಯಾದ ಮೇಲೆ ನೀವು ಉದ್ದೇಶಿಸದೆಯೇ ಆಪ್ಟ್ ಅತ್ತ ಹೊರಡಬಹುದು. ‘ಸಿಡಿರೋಮ್’ ಎಂದು ಶುರುವಾಗುವ ಹಳೆಯ ಸಾಲು ಇದ್ದರೆ ಅದಕ್ಕೂ ಹ್ಯಾಶ್ ಹಾಕಿ.

ಇಳಿಸಿಕೊಳ್ಳುವ ಘಟ್ಟ:

ಆಪ್ಟ್ ಅಪ್‌ಡೇಟ್
ಆಪ್ಟ್ ಫುಲ್-ಅಪ್‌ಗ್ರೇಡ್ --ಡೌನ್‌ಲೋಡ್-ಓನ್ಲಿ

ಈ ಎರಡನೆಯ ಆದೇಶ ತೋರಿಸುವ ‘ತೆಗೆಯಲಾಗುವವು’ ಪಟ್ಟಿಯನ್ನು ನಿಧಾನವಾಗಿ ಓದಿ. ನೀವು ದಿನವೂ ಬಳಸುವ ಡೆಸ್ಕ್‌ಟಾಪ್‌ನ ಹೆಸರೇ ಅಲ್ಲಿದ್ದರೆ ಮುಂದುವರಿಯಬೇಡಿ, ಯಾವುದೋ ಹೊರಗಿನ ಪ್ಯಾಕೇಜು ಅಡ್ಡ ನಿಂತಿದೆ ಎಂದೇ ಅರ್ಥ. ಪಟ್ಟಿ ಸರಿ ಕಂಡರೆ ಒಪ್ಪಿಗೆ ಕೊಡಿ. ಸಂಪರ್ಕ ಕಡಿದರೆ ಅದೇ ಸಾಲನ್ನು ಮತ್ತೆ ಕೊಡಿ. ‘ಇಳಿಸುವುದು ಮುಗಿಯಿತು, ಇಳಿಸಲು ಮಾತ್ರ ಹೇಳಲಾಗಿದೆ’ ಎಂಬರ್ಥದ ಸಂದೇಶ ಬರುವವರೆಗೆ ಹೀಗೇ ನಡೆಯಲಿ, ಅದು ರಾತ್ರಿಯಿಡೀ ಹಿಡಿದರೂ ಚಿಂತೆಯಿಲ್ಲ. ಆದರೆ ಇಳಿಸುವುದಕ್ಕೂ ಅಳವಡಿಸುವುದಕ್ಕೂ ನಡುವೆ ‘ಆಪ್ಟ್ ಅಪ್‌ಡೇಟ್’ ಮತ್ತೆ ಕೊಡಬೇಡಿ. ಪಟ್ಟಿ ಹೊಸದಾದರೆ ಕೆಲವು ಪ್ಯಾಕೇಜುಗಳು ಮತ್ತೆ ಇಳಿಯಬೇಕಾಗುತ್ತದೆ.

ಅಳವಡಿಸುವ ಘಟ್ಟಕ್ಕೆ ಚಾರ್ಜರ್ ಸಿಕ್ಕಿಸಿ, ತಾನಾಗಿ ನಿದ್ದೆಗೆ ಹೋಗುವ ವ್ಯವಸ್ಥೆಯನ್ನು ನಿಲ್ಲಿಸಿ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ ಅಕ್ಷರ ಮಾತ್ರದ ಕನ್ಸೋಲಿಗೆ ಹೋಗಿ ಲಾಗಿನ್ ಆಗಿ. ಡೆಸ್ಕ್‌ಟಾಪ್ ಕುಸಿದರೂ ಇಲ್ಲಿ ಕೆಲಸ ನಿಲ್ಲುವುದಿಲ್ಲ. ದೂರದ ಯಂತ್ರವಾದರೆ ಸಂಪರ್ಕ ಹೋದರೂ ಕೆಲಸ ಮುಂದುವರಿಸುವ ಟಿಮಕ್ಸ್ ಅಥವಾ ಸ್ಕ್ರೀನ್ ಒಳಗೆ ಮಾಡಿ. ‘ಸ್ಕ್ರಿಪ್ಟ್’ ಎಂಬ ಆದೇಶ ಮೊದಲು ಕೊಟ್ಟರೆ ಪರದೆಯ ಮೇಲೆ ಹರಿದದ್ದೆಲ್ಲ ಒಂದು ಕಡತಕ್ಕೆ ದಾಖಲಾಗುತ್ತದೆ. ಏನಾದರೂ ಎಡವಟ್ಟಾದರೆ ಆ ದಾಖಲೆ ಬೆಲೆಬಾಳುತ್ತದೆ. ಬಳಿಕ:

ಆಪ್ಟ್ ಅಪ್‌ಗ್ರೇಡ್ --ವಿದೌಟ್-ನ್ಯೂ-ಪಿಕೆಜಿಎಸ್
ಆಪ್ಟ್ ಫುಲ್-ಅಪ್‌ಗ್ರೇಡ್

ಮೊದಲ ಸಾಲು ಹೊಸ ಪ್ಯಾಕೇಜು ಸೇರಿಸದೆ, ಏನನ್ನೂ ತೆಗೆಯದೆ ಆಗುವಷ್ಟನ್ನು ಮಾಡುತ್ತದೆ. ದೊಡ್ಡ ಬದಲಾವಣೆ ಎರಡನೆಯದರಲ್ಲಿ ಆಗುತ್ತದೆ. ಒಂದೇ ಏಟಿಗೆ ಮಾಡಿದರೆ ಅವಲಂಬನೆಗಳ ಗೋಜಲಿನಲ್ಲಿ ಆಪ್ಟ್ ಬೇಕಾದದ್ದನ್ನೂ ಕಿತ್ತುಹಾಕಲು ಹೊರಡುವ ಸಾಧ್ಯತೆ ಹೆಚ್ಚು, ಅದಕ್ಕೇ ಈ ಎರಡು ಹೆಜ್ಜೆ.

ನಡುವೆ ಸಂರಚನೆ ಕಡತಗಳ ಬಗ್ಗೆ ಪ್ರಶ್ನೆ ಬರುತ್ತದೆ: ನಿಮ್ಮ ಹಳೆಯದನ್ನು ಇಟ್ಟುಕೊಳ್ಳಲೇ, ಪ್ಯಾಕೇಜಿನ ಹೊಸದನ್ನು ಹಾಕಲೇ? ‘ಡಿ’ ಒತ್ತಿದರೆ ವ್ಯತ್ಯಾಸ ಕಾಣುತ್ತದೆ. ಆ ಕಡತವನ್ನು ನೀವೇ ತಿದ್ದಿದ್ದು ನೆನಪಿದ್ದರೆ ‘ಎನ್’, ನೆನಪೇ ಇಲ್ಲದಿದ್ದರೆ ವ್ಯತ್ಯಾಸ ನೋಡಿ ‘ವೈ’. ಯಾವುದನ್ನು ಆರಿಸಿದರೂ ಇನ್ನೊಂದು ಕಳೆದುಹೋಗುವುದಿಲ್ಲ: ಹಳೆಯದನ್ನು ಇಟ್ಟರೆ ಹೊಸದು ‘ಡಿಪಿಕೆಜಿ-ಡಿಸ್ಟ್’ ಬಾಲದೊಂದಿಗೆ, ಹೊಸದನ್ನು ಹಾಕಿದರೆ ಹಳೆಯದು ‘ಡಿಪಿಕೆಜಿ-ಓಲ್ಡ್’ ಬಾಲದೊಂದಿಗೆ ಅದೇ ಫೋಲ್ಡರ್‌ನಲ್ಲಿ ಉಳಿಯುತ್ತದೆ. ಈ ಪ್ರಶ್ನೆಗಾಗಿ ಯಂತ್ರ ಕಾಯುತ್ತಾ ನಿಲ್ಲುವುದರಿಂದ ಶುರುಮಾಡಿ ಮಲಗಿಬಿಡುವ ಕೆಲಸ ಇದಲ್ಲ, ಎದುರಿಗೆ ಕೂತಿರಬೇಕು.

ರೀಬೂಟ್ ಮಾಡುವ ಮುನ್ನ ‘ಲಿನಕ್ಸ್-ಇಮೇಜ್-ಎಎಮ್‌ಡಿ64’ ಎಂಬ ಪ್ಯಾಕೇಜು ಇದೆಯೇ ಎಂದು ಖಚಿತಮಾಡಿಕೊಳ್ಳಿ. ಅದಿಲ್ಲದಿದ್ದರೆ ಹೊಸ ಕರ್ನಲ್ ಬಂದೇ ಇರುವುದಿಲ್ಲ, 13ರ ಮೇಲೆ 12ರ 6.1 ಕರ್ನಲ್ ಓಡುತ್ತಿರುತ್ತದೆ. 13ರದ್ದು 6.12. ಎಲ್ಲ ಸರಿಯಾದ ಮೇಲೆ ‘ಆಪ್ಟ್ ಆಟೊರಿಮೂವ್’. ಅದನ್ನು ಒಂದೆರಡು ದಿನ ಬಳಸಿ ನೋಡಿದ ನಂತರ ಮಾಡಿದರೆ ಒಳ್ಳೆಯದು, ಏಕೆಂದರೆ ಹಳೆಯ ಕರ್ನಲ್ ಅಷ್ಟು ಹೊತ್ತು ಆಸರೆಗಿರುತ್ತದೆ.

ನಡುವೆ ನಿಂತುಹೋದರೆ

ಕರೆಂಟ್ ಹೋಗಿ ಯಂತ್ರ ಆರಿತು ಎಂದುಕೊಳ್ಳಿ. ಡಿಪಿಕೆಜಿ ಹೊಸ ಕಡತವನ್ನು ಮೊದಲು ಬೇರೆ ಹೆಸರಿನಲ್ಲಿ ಬರೆದು, ಆಮೇಲೆ ಹಳೆಯದರ ಜಾಗಕ್ಕೆ ಹೆಸರು ಬದಲಿಸುತ್ತದೆ. ಯಾವ ಪ್ಯಾಕೇಜು ಎಲ್ಲಿಯವರೆಗೆ ಬಂದಿದೆ ಎಂಬ ದಾಖಲೆಯನ್ನೂ ಇಡುತ್ತದೆ. ಆದ್ದರಿಂದ ಬಹಳ ಸಲ ಹೀಗೆ ಎತ್ತಿ ನಿಲ್ಲಿಸಬಹುದು:

ಡಿಪಿಕೆಜಿ --ಕಾನ್ಫಿಗರ್ -ಎ
ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್
ಆಪ್ಟ್ ಫುಲ್-ಅಪ್‌ಗ್ರೇಡ್

ಡೆಸ್ಕ್‌ಟಾಪ್ ಬರದಿದ್ದರೂ ಕನ್ಸೋಲ್ ಬಂದರೆ ಸಾಕು. ಕನ್ಸೋಲೂ ಬರದಿದ್ದರೆ ಯಂತ್ರ ಶುರುವಾಗುವಾಗ ಬರುವ ಗ್ರಬ್ ಮೆನುವಿನ ‘ಅಡ್ವಾನ್ಸ್ಡ್ ಆಪ್ಷನ್ಸ್’ನಲ್ಲಿ ಹಳೆಯ ಕರ್ನಲ್ ಆರಿಸಿ. ಗ್ರಬ್ ಕೂಡ ಕಾಣದಿದ್ದರೆ ಇನ್‌ಸ್ಟಾಲರ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ‘ರೆಸ್ಕ್ಯೂ ಮೋಡ್’ ಆರಿಸಿ, ರೂಟ್ ಪಾರ್ಟಿಷನ್ ತೋರಿಸಿ, ಅದರೊಳಗೆ ಶೆಲ್ ತೆರೆದು ಅದೇ ಮೂರು ಸಾಲು ಕೊಡಿ, ಗ್ರಬ್ ಮರುಸ್ಥಾಪಿಸಿ. ಡಿಸ್ಕ್ ಅಥವಾ ಪೆನ್‌ಡ್ರೈವ್‌ಗೆ ಅಪ್‌ಗ್ರೇಡ್‌ನಲ್ಲಿ ಇರುವ ನಿಜವಾದ ಪಾತ್ರ ಇದು. ಅದಕ್ಕೇ ಕೆಲಸ ಶುರುಮಾಡುವ ಮುನ್ನ 13ರ ಇನ್‌ಸ್ಟಾಲರ್ ಪೆನ್‌ಡ್ರೈವ್ ಒಂದನ್ನು ಬರೆದು, ಅದು ಆ ಲ್ಯಾಪ್‌ಟಾಪ್‌ನಲ್ಲಿ ಬೂಟ್ ಆಗುತ್ತದೆಯೇ ಎಂದು ನೋಡಿಟ್ಟುಕೊಳ್ಳಿ.

ಹೊಸ ಯಂತ್ರ

ಇಲ್ಲಿ ಡಿವಿಡಿ ಇಮೇಜ್ ಚೆನ್ನಾಗಿ ಹೊಂದುತ್ತದೆ, ಕಾರಣ ಹಳೆಯ ಪ್ಯಾಕೇಜುಗಳ ಜೊತೆ ಹೊಂದಿಸುವ ಗೊಡವೆಯೇ ಇಲ್ಲ. ನೆಟ್‌ಇನ್‌ಸ್ಟ್ ಎಂಬ ಚಿಕ್ಕ ಇಮೇಜ್ ಒಂದು ಜಿಬಿಗೂ ಕಡಿಮೆ. ಅದರಲ್ಲಿ ಮೂಲ ವ್ಯವಸ್ಥೆ ಮಾತ್ರ ಇರುತ್ತದೆ, ಡೆಸ್ಕ್‌ಟಾಪ್ ಪೂರ್ತಿ ಅಳವಡಿಸುವ ಹೊತ್ತಿಗೆ ಮಿರರ್‌ನಿಂದ ಬರಬೇಕು. ಗಟ್ಟಿ ಸಂಪರ್ಕ ಇರುವವರಿಗೆ ಅದೇ ಉತ್ತಮ: ಎಲ್ಲವೂ ಆ ದಿನದ ಹೊಸ ಆವೃತ್ತಿಯೇ ಬರುತ್ತದೆ, ಹಾಕಿದ ಮೇಲೆ ಮತ್ತೆ ನೂರಾರು ಎಂಬಿ ಅಪ್‌ಡೇಟ್ ಇಳಿಸುವ ಕೆಲಸ ಉಳಿಯುವುದಿಲ್ಲ. ನಿಮ್ಮ ಸಂಪರ್ಕಕ್ಕೆ ಅದು ತಕ್ಕದ್ದಲ್ಲ. ಸಂಪರ್ಕ ಕಡಿದರೆ ‘ಸೆಲೆಕ್ಟ್ ಆ್ಯಂಡ್ ಇನ್‌ಸ್ಟಾಲ್ ಸಾಫ್ಟ್‌ವೇರ್’ ಹಂತ ಕೆಂಪು ಪರದೆ ತೋರಿಸಿ ನಿಲ್ಲುತ್ತದೆ. ಕಂಟ್ರೋಲ್, ಆಲ್ಟ್, ಎಫ್4 ಒತ್ತಿದರೆ ನಿಜವಾದ ಕಾರಣ ಲಾಗ್‌ನಲ್ಲಿ ಕಾಣುತ್ತದೆ. ಅಲ್ಲಿಂದಲೂ ಪಾರಾಗಬಹುದು: ಅದೇ ಹಂತವನ್ನು ಮತ್ತೆ ಆರಿಸಿ, ಡೆಸ್ಕ್‌ಟಾಪ್‌ನ ಗುರುತು ತೆಗೆದು ಮೂಲ ವ್ಯವಸ್ಥೆ ಮಾತ್ರ ಮುಗಿಸಿ, ರೀಬೂಟ್ ಆದ ಮೇಲೆ ‘ಟಾಸ್ಕ್‌ಸೆಲ್’ ಮೂಲಕ ಡೆಸ್ಕ್‌ಟಾಪ್ ತರಿಸಬಹುದು. ಆಗ ವೈಫೈಗಿಂತ ಕೇಬಲ್ ಸುಲಭ. ಕೇಬಲ್ ಇಲ್ಲದಿದ್ದರೆ ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿಗೆ ಸಿಕ್ಕಿಸಿ ಟೆದರಿಂಗ್ ಹಚ್ಚಿದರೆ ಲಿನಕ್ಸ್ ಅದನ್ನು ಕೇಬಲ್ ಸಂಪರ್ಕದಂತೆಯೇ ನೋಡುತ್ತದೆ. ಲಾಗಿನ್ ಪುಟ ತೆರೆಯಲು ಹೇಳುವ ಸಾರ್ವಜನಿಕ ವೈಫೈ ಇನ್‌ಸ್ಟಾಲರ್‌ಗೆ ಪ್ರಯೋಜನವಿಲ್ಲ, ಅಲ್ಲಿ ಬ್ರೌಸರ್ ಇರುವುದಿಲ್ಲ.

ಡಿವಿಡಿ ಇಮೇಜ್ ಎಂದೆ, ಡಿವಿಡಿ ತಟ್ಟೆ ಎನ್ನಲಿಲ್ಲ. ಬರೆದ ತಟ್ಟೆ ಗೀರು ಬಿದ್ದು, ವಯಸ್ಸಾಗಿ ಓದಲು ತಕರಾರು ಮಾಡುತ್ತದೆ; ಆಪ್ಟಿಕಲ್ ಡ್ರೈವ್‌ನ ಲೇಸರ್ ಸವೆದಿರುತ್ತದೆ. ಮುಕ್ಕಾಲು ಕೆಲಸ ಆದ ಮೇಲೆ ‘ಇನ್‌ಪುಟ್/ಔಟ್‌ಪುಟ್ ಎರರ್’ ಎಂದು ಬರುವುದು ಬಹುತೇಕ ಇದರಿಂದಲೇ. ತಟ್ಟೆ ಬಿಟ್ಟು ಬೇರೆ ದಾರಿಯೇ ಇಲ್ಲದ ಯಂತ್ರವಾದರೆ ಡ್ರೈವ್ ಬಲ್ಲ ಅತಿ ಹೆಚ್ಚು ವೇಗದಲ್ಲಿ ಬರೆಯದೆ ವೇಗ ತಗ್ಗಿಸಿ ಬರೆಯಿರಿ, ಬರೆದ ಮೇಲೆ ವೆರಿಫೈ ಮಾಡಿ. ಉಬುಂಟು 24.04ರ ಡೆಸ್ಕ್‌ಟಾಪ್ ಇಮೇಜ್ ಅಂತೂ 4.7 ಜಿಬಿಯ ಸಾದಾ ಡಿವಿಡಿಗೆ ಹಿಡಿಸುವುದೇ ಇಲ್ಲ.

ಇಮೇಜ್ ಇಳಿದ ಮೇಲೆ ಎಸ್‌ಎಚ್‌ಎ256 ಮೊತ್ತವನ್ನು ಡೆಬಿಯನ್ ಕೊಟ್ಟಿರುವುದರ ಜೊತೆ ಹೋಲಿಸಿ. ನಿಮ್ಮಂಥ ಸಂಪರ್ಕದಲ್ಲಿ ಇಮೇಜ್‌ನ ಬಾಲ ಕತ್ತರಿಸಿಹೋಗುವುದು ಸಾಮಾನ್ಯ, ಈ ಒಂದು ನಿಮಿಷದ ಪರೀಕ್ಷೆ ಗಂಟೆಗಟ್ಟಲೆ ಪರದಾಟ ತಪ್ಪಿಸುತ್ತದೆ. ಬರೆಯುವ ಮುನ್ನ ‘ಎಲ್‌ಎಸ್‌ಬಿಎಲ್‌ಕೆ’ ಓಡಿಸಿ, ಗಾತ್ರ ನೋಡಿ ಪೆನ್‌ಡ್ರೈವ್ ಯಾವುದೆಂದು ಖಚಿತಪಡಿಸಿಕೊಳ್ಳಿ. ‘ಡಿಡಿ’ ಆದೇಶಕ್ಕೆ ಕೊಡಬೇಕಾದ್ದು ಇಡೀ ಸಾಧನದ ಹೆಸರು, ಉದಾಹರಣೆಗೆ ಎಸ್‌ಡಿಬಿ. ಎಸ್‌ಡಿಬಿ1 ಎಂದು ಪಾರ್ಟಿಷನ್ ಹೆಸರು ಕೊಟ್ಟರೆ ಬೂಟ್ ಆಗುವುದಿಲ್ಲ. ತಪ್ಪಿ ಎಸ್‌ಡಿಎ ಎಂದರೆ ನಿಮ್ಮ ಹಾರ್ಡ್‌ಡಿಸ್ಕಿನ ಮೇಲೆಯೇ ಬರೆದುಬಿಡುತ್ತದೆ, ಕೇಳುವುದೂ ಇಲ್ಲ. ವಿಂಡೋಸ್‌ನಿಂದ ಬರೆಯುವುದಾದರೆ ರೂಫಸ್ ಸಾಕು. ಬೂಟ್ ತಕರಾರು ಬಂದರೆ ಅದರ ಡಿಡಿ ವಿಧಾನ ಆರಿಸಿ ಮತ್ತೊಮ್ಮೆ ಬರೆಯಿರಿ.

ಇನ್‌ಸ್ಟಾಲರ್‌ನಲ್ಲಿ ‘ನೆಟ್‌ವರ್ಕ್ ಮಿರರ್ ಬಳಸಬೇಕೇ’ ಎಂಬ ಪ್ರಶ್ನೆಗೆ ನೀವು ಬೇಡ ಎನ್ನಿ. ಹೌದು ಎಂದರೆ ಡಿಸ್ಕಿನಲ್ಲಿರುವುದಕ್ಕಿಂತ ಹೊಸದು ಕಂಡಲ್ಲೆಲ್ಲ ಅದು ಇಂಟರ್ನೆಟ್ಟಿಗೆ ಕೈಚಾಚುತ್ತದೆ, ಡಿವಿಡಿ ಇಳಿಸಿಕೊಂಡ ಶ್ರಮ ವ್ಯರ್ಥ. ಪಾರ್ಟಿಷನ್ ಮಾಡುವಾಗ ಹೋಮ್ ಬೇರೆ ಇಡಿ: ಬೂಟ್ ಕಡತಗಳ ಇಎಫ್‌ಐಗೆ 512 ಎಂಬಿಯಿಂದ 1 ಜಿಬಿ, ರೂಟ್‌ಗೆ 40 ಜಿಬಿ, ಸ್ವ್ಯಾಪ್‌ಗೆ (ಮೆಮೊರಿ ಸಾಲದಾಗ ಬಳಸುವ ಜಾಗ) ಒಂದಿಷ್ಟು, ಉಳಿದದ್ದು ಹೋಮ್‌ಗೆ. ಮುಂದೊಂದು ದಿನ ಮತ್ತೆ ಹೊಸದಾಗಿ ಹಾಕಬೇಕಾದರೆ ರೂಟ್ ಮಾತ್ರ ಫಾರ್ಮ್ಯಾಟ್ ಮಾಡಿ ಹೋಮ್ ಉಳಿಸಿಕೊಳ್ಳಬಹುದು. ವಿಂಡೋಸ್ ಜೊತೆ ಹಾಕುವವರು ಇರುವ ಇಎಫ್‌ಐ ಪಾರ್ಟಿಷನನ್ನು ಫಾರ್ಮ್ಯಾಟ್ ಮಾಡಕೂಡದು, ವಿಂಡೋಸ್‌ನ ಬೂಟ್ ಕಡತಗಳು ಅಲ್ಲೇ ಇರುತ್ತವೆ.

ಮಿರರ್ ಬೇಡ ಎಂದು ಹಾಕಿದ ವ್ಯವಸ್ಥೆಯಲ್ಲಿ ಒಂದು ಕೆಲಸ ಬಾಕಿ ಉಳಿಯುತ್ತದೆ, ಬಹಳ ಜನ ಮರೆಯುವುದು ಇದನ್ನೇ. ಅದರ ಮೂಲಗಳ ಪಟ್ಟಿಯಲ್ಲಿ ಡಿಸ್ಕಿನ ಸಾಲು ಇರುತ್ತದೆ, ಮಿರರ್‌ನ ಮುಖ್ಯ ಸಾಲು ಇರುವುದಿಲ್ಲ. ಏನನ್ನೇ ಹಾಕಲು ಹೋದರೂ ‘ಈ ಹೆಸರಿನ ಡಿಸ್ಕ್ ಒಳಗಿಡಿ’ ಎಂದು ಕೇಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಹಾಕುವಾಗ ಸಂಪರ್ಕವೇ ಇಲ್ಲದಿದ್ದರೆ ಭದ್ರತಾ ಸಾಲೂ ಚಾಲ್ತಿಯಲ್ಲಿ ಇರದೆ, ಅಪ್‌ಡೇಟುಗಳು ಬರುತ್ತಿಲ್ಲ ಎಂಬುದೇ ತಿಳಿಯುವುದಿಲ್ಲ. ಡಿಸ್ಕಿನ ಸಾಲಿಗೆ ಹ್ಯಾಶ್ ಹಾಕಿ, ಮೇಲೆ ಹೇಳಿದ ಮೂರು ಟ್ರಿಕ್ಸಿ ಸಾಲುಗಳನ್ನು ಬರೆದು, ಅಪ್‌ಡೇಟ್ ಮಾಡಿ. ‘ಬಿಡುಗಡೆ ಕಡತ ಇನ್ನೂ ಚಾಲ್ತಿಗೆ ಬಂದಿಲ್ಲ’ ಎಂಬರ್ಥದ ದೂರು ಬಂದರೆ ಯಂತ್ರದ ಗಡಿಯಾರ ಹಿಂದಿದೆ ಎಂದು ತಿಳಿಯಿರಿ. ಹಳೆಯ ಯಂತ್ರಗಳಲ್ಲಿ ಮದರ್‌ಬೋರ್ಡ್‌ನ ನಾಣ್ಯದಾಕಾರದ ಬ್ಯಾಟರಿ ಸತ್ತಿರುತ್ತದೆ.

ಎರಡು ಯಂತ್ರಗಳಿಗೂ ಒಂದೇ ಬಿಡುಗಡೆ ಬೇಕಾಗಿರುವುದರಿಂದ ಒಂದರಲ್ಲಿ ‘ಆಪ್ಟ್-ಕ್ಯಾಶರ್-ಎನ್‌ಜಿ’ ಹಾಕಿ, ಇನ್ನೊಂದು ಯಂತ್ರದ ಆಪ್ಟ್‌ಗೆ ಅದರ 3142ನೇ ಪೋರ್ಟನ್ನು ಪ್ರಾಕ್ಸಿಯಾಗಿ (ನಡುವಣ ಸರ್ವರ್ ಆಗಿ) ತೋರಿಸಿದರೆ ಒಮ್ಮೆ ಇಳಿದ ಪ್ಯಾಕೇಜು ಮತ್ತೆ ಇಳಿಯಬೇಕಿಲ್ಲ. ಡಿವಿಡಿಯಿಂದ ನೀವು ಬಯಸಿದ ಉಳಿತಾಯ ಇಲ್ಲಿ ಸಿಗುತ್ತದೆ. ಸುಮ್ಮನೆ ಕ್ಯಾಶ್ ಫೋಲ್ಡರ್ ನಕಲು ಮಾಡುವ ಯೋಚನೆಯಿದ್ದರೆ ನೆನಪಿಡಿ: ‘ಆಪ್ಟ್’ ಆದೇಶ ಅಳವಡಿಕೆ ಮುಗಿದೊಡನೆ ಡೆಬ್ ಕಡತಗಳನ್ನು ಅಳಿಸುತ್ತದೆ, ‘ಆಪ್ಟ್-ಗೆಟ್’ ಉಳಿಸಿಕೊಳ್ಳುತ್ತದೆ.

ಸಂಪರ್ಕವೇ ಇಲ್ಲದ ಯಂತ್ರಕ್ಕೂ ಡಿವಿಡಿಗಿಂತ ‘ಆಪ್ಟ್-ಆಫ್‌ಲೈನ್’ ಲೇಸು. ಆ ಯಂತ್ರ ತನಗೆ ಏನೇನು ಬೇಕೆಂದು ಒಂದು ಕಡತದಲ್ಲಿ ಬರೆದುಕೊಡುತ್ತದೆ. ಸಂಪರ್ಕವಿರುವ ಯಾವುದಾದರೂ ಕಂಪ್ಯೂಟರಿನಲ್ಲಿ ಅದರಂತೆ ಇಳಿಸಿ, ಪೆನ್‌ಡ್ರೈವ್‌ನಲ್ಲಿ ಹಿಂದಕ್ಕೆ ತಂದು ಅಳವಡಿಸಬೇಕು. ಬಿಡುಗಡೆ ಏರಿಸುವಾಗ ಇದಕ್ಕೆ ಎರಡು ಸುತ್ತು ಬೇಕು: ಮೊದಲು ಹೊಸ ಪಟ್ಟಿಗಳು, ಅವು ಒಳಸೇರಿದ ಮೇಲೆ ಪ್ಯಾಕೇಜುಗಳು. ಪಟ್ಟಿ ಇಲ್ಲದೆ ಏನು ಬೇಕೆಂದು ಆ ಯಂತ್ರಕ್ಕೆ ಗೊತ್ತಾಗುವುದೇ ಇಲ್ಲವಲ್ಲ.

ಬೇರೆ ಡಿಸ್ಟ್ರೋಗಳಲ್ಲಿ (ಲಿನಕ್ಸ್‌ನ ಬೇರೆ ಬಗೆಗಳಲ್ಲಿ)

ಫೆಡೋರಾ ಇಳಿಸುವುದನ್ನೂ ಅಳವಡಿಸುವುದನ್ನೂ ಬೇರ್ಪಡಿಸುವುದನ್ನೇ ನಿಯಮ ಮಾಡಿಕೊಂಡಿದೆ. ಅದರ ‘ಸಿಸ್ಟಮ್-ಅಪ್‌ಗ್ರೇಡ್’ ಮೊದಲು ಎಲ್ಲವನ್ನೂ ಇಳಿಸುತ್ತದೆ, ಆಮೇಲೆ ರೀಬೂಟ್ ಆಗಿ ಬೇರೇನೂ ಓಡದ ಸ್ಥಿತಿಯಲ್ಲಿ ಅಳವಡಿಸುತ್ತದೆ. ಒಂದು ಆವೃತ್ತಿ ದಾಟಿ ಅದರ ಮುಂದಿನದಕ್ಕೆ ನೇರ ಹೋಗಲೂ ಅಲ್ಲಿ ಅವಕಾಶವಿದೆ. ಉಬುಂಟುವಿನಲ್ಲಿ ‘ಡು-ರಿಲೀಸ್-ಅಪ್‌ಗ್ರೇಡ್’ ಬಳಸಿ, ಅದು ಹೊರಗಿನ ಮೂಲಗಳನ್ನು ತಾನೇ ನಿಲ್ಲಿಸುತ್ತದೆ. ಒಂದು ಎಲ್‌ಟಿಎಸ್‌ನಿಂದ (ದೀರ್ಘಕಾಲ ಬೆಂಬಲವಿರುವ ಬಿಡುಗಡೆ) ಮುಂದಿನ ಎಲ್‌ಟಿಎಸ್‌ಗೆ ಹೋಗುವ ಸೂಚನೆ ಹೊಸದರ ಮೊದಲ ಪಾಯಿಂಟ್ ಬಿಡುಗಡೆಯ (ತಿದ್ದುಪಡಿಗಳನ್ನು ಒಟ್ಟುಗೂಡಿಸಿದ ಆವೃತ್ತಿ) ನಂತರವೇ ಬರುವುದು, ಅದಕ್ಕೆ ಮುಂಚೆ ಒತ್ತಾಯಿಸಬೇಡಿ. ಉಬುಂಟುವನ್ನು ಸಿಡಿಯಿಂದ ಏರಿಸುವ ದಾರಿ ಆಲ್ಟರ್ನೇಟ್ ಸಿಡಿಯ ಜೊತೆ 2012ರ 12.10ರಲ್ಲಿ ಮುಗಿಯಿತು, ಹಳೆಯ ಪುಸ್ತಕಗಳಲ್ಲಿರುವ ಆ ಕ್ರಮ ಈಗ ನಡೆಯುವುದಿಲ್ಲ. ಓಪನ್‌ಸೂಸೆ ಲೀಪ್ 15ರ ಇನ್‌ಸ್ಟಾಲರ್ ಮಾತ್ರ ಡಿಸ್ಕಿನಿಂದ ಬೂಟ್ ಆಗಿ ಇರುವ ವ್ಯವಸ್ಥೆಯನ್ನು ಏರಿಸುವ ಆಯ್ಕೆಯನ್ನು ಉಳಿಸಿಕೊಂಡಿತ್ತು. ಅಲ್ಲೂ ಡಿಸ್ಕಿನ ಜೊತೆಗೆ ಆನ್‌ಲೈನ್ ರೆಪಾಸಿಟರಿಗಳನ್ನು ಸೇರಿಸಿಕೊಂಡರೆ ಮಾತ್ರ ಪ್ಯಾಕೇಜುಗಳು ಅನಾಥವಾಗಿ ಉಳಿಯುವುದು ತಪ್ಪುತ್ತಿತ್ತು.

ಆರ್ಚ್‌ನಲ್ಲಿ ಈ ಪ್ರಶ್ನೆಯೇ ಇಲ್ಲ. ಅದರ ಇಮೇಜ್ ಬೂಟ್ ಮಾಡಲಷ್ಟೇ, ಪ್ಯಾಕೇಜುಗಳೆಲ್ಲ ಇಂಟರ್ನೆಟ್ಟಿನಿಂದಲೇ ಬರಬೇಕು. ತಿಂಗಳುಗಟ್ಟಲೆ ಅಪ್‌ಡೇಟ್ ಮಾಡದ ಆರ್ಚ್ ಯಂತ್ರದಲ್ಲಿ ಸಹಿ ತಪ್ಪು ಎಂಬ ದೋಷಗಳ ಸಾಲು ಬಂದರೆ ಸಹಿ ಪರೀಕ್ಷಿಸುವ ಕೀಲಿಗಳಿರುವ ಕೀರಿಂಗ್ ಪ್ಯಾಕೇಜನ್ನು ಮೊದಲು ಹೊಸದು ಮಾಡಿ, ಕೂಡಲೇ ಉಳಿದದ್ದನ್ನೂ ಪೂರ್ತಿ ಏರಿಸಿ. ಅರ್ಧ ಏರಿಸಿ ನಿಲ್ಲಿಸುವುದನ್ನು ಆರ್ಚ್ ಬೆಂಬಲಿಸುವುದಿಲ್ಲ.